ಹಳೇ ಪೈಪಿನಲ್ಲಿ ಇನ್ನೊಂದು ಫೈಬರ್ ಹಿಡಿಸುತ್ತದೆಯೇ?

ಪ್ರಶ್ನೆ: ಮನೆಯಿಂದ ಹಿತ್ತಲಾಚೆಯ ನಮ್ಮ ಪ್ರೆಸ್‌ಗೆ ನೆಲದಡಿಯ ಪಿವಿಸಿ ಪೈಪಿನಲ್ಲಿ ಫೈಬರ್ ಕೇಬಲ್ ಹೋಗಿದೆ. ಅದರಲ್ಲೇ ಇನ್ನೊಂದನ್ನು ಎಳೆಸಬಹುದೇ? ಹಳೆಯದಕ್ಕೆ ಪೆಟ್ಟಾದೀತೆಂಬ ಭಯವಿದೆ.

ಉತ್ತರ: ಜಾಗವಿದ್ದರೆ ಧಾರಾಳವಾಗಿ ಎಳೆಸಿ. ಎರಡೂ ಕೇಬಲ್‌ಗಳ ವ್ಯಾಸದ ವರ್ಗಗಳನ್ನು ಕೂಡಿ, ಪೈಪಿನ ಒಳವ್ಯಾಸದ ವರ್ಗದಿಂದ ಭಾಗಿಸಿ. ಎರಡು ಕೇಬಲ್‌ಗಳಿಗೆ ಇದು ಶೇ. 31 ಮೀರಬಾರದು. ಒಳವ್ಯಾಸ 21 ಮಿ.ಮೀ. ಇದ್ದು, ಕೇಬಲ್‌ಗಳು ತಲಾ 6 ಮಿ.ಮೀ. ಇದ್ದರೆ ತುಂಬುವುದು ಶೇ. 16 ಮಾತ್ರ.

ಅಪಾಯ ಇರುವುದು ಉಜ್ಜಾಟದಲ್ಲಿ. ಬಿಗಿಯಾಗಿ ಎಳೆದ ತೆಳು ನೈಲಾನ್ ಹಗ್ಗ ತಿರುವಿನಲ್ಲಿ ಹಳೇ ಕೇಬಲಿನ ಹೊದಿಕೆಯನ್ನು ಗರಗಸದಂತೆ ಕೊಯ್ಯುತ್ತದೆ. ಚಪ್ಪಟೆ ಪಟ್ಟಿ ಬಳಸಿ. ಸ್ಟೀಲ್ ಸ್ಪ್ರಿಂಗ್ ತೂರಿಸುವ ಬದಲು ಫೈಬರ್‌ಗ್ಲಾಸ್ ರಾಡ್ ಹಾಕಿಸಿ. ಕೇಬಲಿಗೆ ನೀರು ಆಧಾರಿತ ಜಾರುದ್ರವ ಹಚ್ಚಿ. ಗ್ರೀಸ್, ಎಂಜಿನ್ ಆಯಿಲ್ ಬೇಡ, ಅವು ಹೊದಿಕೆಯನ್ನು ಕೆಡಿಸುತ್ತವೆ.

ಹಗ್ಗವನ್ನು ಹೊರಹೊದಿಕೆಗೆ ಕಟ್ಟಬೇಡಿ. ಎಳೆತ ತಾಳಲೆಂದೇ ಒಳಗಿರುವ ಹಳದಿ ಅರಮಿಡ್ ನೂಲಿಗೆ ಕಟ್ಟಿ. ಕನೆಕ್ಟರ್ ಇಲ್ಲದ ಕೇಬಲ್ ಎಳೆದು, ಆಮೇಲೆ ತುದಿಗಳಲ್ಲಿ ಸ್ಪ್ಲೈಸ್ ಮಾಡಿಸಿ. ಎಳೆಯುವಾಗ ಬಾಗಿನ ತ್ರಿಜ್ಯ ಕೇಬಲ್ ವ್ಯಾಸದ 20 ಪಟ್ಟಿಗಿಂತ ಕಡಿಮೆಯಾಗದಿರಲಿ. ಒಬ್ಬರು ಎಳೆಯಲಿ, ಇನ್ನೊಬ್ಬರು ಆ ಕಡೆಯಿಂದ ಕೇಬಲನ್ನು ನಿಧಾನವಾಗಿ ಬಿಡುತ್ತಿರಲಿ. ಸಿಕ್ಕಿಕೊಂಡರೆ ಜಗ್ಗಬೇಡಿ, ಹಿಂದಕ್ಕೆ ಸರಿಸಿ ನೋಡಿ.

ಕೆಲಸಕ್ಕೆ ಮೊದಲು ಮತ್ತು ನಂತರ ಹಳೇ ಫೈಬರ್‌ನ ಬೆಳಕಿನ ನಷ್ಟವನ್ನು ಪವರ್ ಮೀಟರ್‌ನಲ್ಲಿ ಅಳೆಸಿ, ಬರೆದಿಡಿ. ಹೊಸ ಕೇಬಲಿನ ಜೊತೆಗೇ ಒಂದು ಎಳೆಪಟ್ಟಿಯನ್ನೂ ಪೈಪಿನಲ್ಲಿ ಬಿಟ್ಟಿರಿ; ಮುಂದೆ ಮೂರನೆಯದು ಬೇಕಾದರೆ ಅದೇ ನೆರವಿಗೆ ಬರುತ್ತದೆ.