ಗೊನೋರಿಯಾ: ರೋಗ ಒಂದೇ, ಕೂರುವ ಜಾಗ ಹಲವು



ಸಂಘದ ಸಭೆಯಲ್ಲಿ ಉಳಿತಾಯ, ಸಾಲ, ಮರುಪಾವತಿ ಎಲ್ಲವನ್ನೂ ನಾವು ಬಾಯಿಬಿಟ್ಟು ಮಾತಾಡುತ್ತೇವೆ. ಆದರೆ ಹೊಟ್ಟೆಯ ಕೆಳಗಿನ ಕಾಯಿಲೆ ಅಂದ ಕೂಡಲೇ ಸೆರಗು ಬಾಯಿಗೆ ಬರುತ್ತದೆ. "ಉಷ್ಣ ಆಗಿದೆ ಸಿಸ್ಟರ್, ಎಳನೀರು ಕುಡಿದರೆ ಸರಿಹೋಗುತ್ತೆ" ಎಂದು ಮಾತು ಮುಗಿಸುವವರೇ ಹೆಚ್ಚು. ಉಷ್ಣವಾದರೆ ಎಳನೀರಿಗೆ ಹೋದೀತು, ಸೋಂಕಾದರೆ ಹೋಗುವುದಿಲ್ಲ. ಅಂಥ ಒಂದು ಸೋಂಕಾದ ಗೊನೋರಿಯಾದ ಬಗ್ಗೆ ಈ ತಿಂಗಳ ಪಾಠದಲ್ಲಿ ತಿಳಿಯೋಣ.

ಗೊನೋರಿಯಾ ಎಂದರೇನು?

ಇದು ಬ್ಯಾಕ್ಟೀರಿಯಾ ಎಂಬ ರೋಗಾಣುವಿನಿಂದ ಬರುವ ಲೈಂಗಿಕ ರೋಗ. 1879ರಲ್ಲಿ ಜರ್ಮನಿಯ ವೈದ್ಯ ಆಲ್ಬರ್ಟ್ ನೈಸರ್ ಈ ರೋಗಾಣುವನ್ನು ಗುರುತಿಸಿದರು. ಸೋಂಕು ಇರುವವರ ಜೊತೆಗಿನ ಲೈಂಗಿಕ ಸಂಪರ್ಕದಿಂದ ಮತ್ತು ಹೆರಿಗೆಯ ಸಮಯದಲ್ಲಿ ತಾಯಿಯಿಂದ ಮಗುವಿಗೆ ಇದು ದಾಟುತ್ತದೆ. ಒಟ್ಟಿಗೆ ಊಟ ಮಾಡುವುದರಿಂದ, ಒಂದೇ ಶೌಚಾಲಯ ಬಳಸುವುದರಿಂದ, ಕೈಹಿಡಿದು ಮಾತಾಡುವುದರಿಂದ ಬರುವುದಿಲ್ಲ. 2020ರಲ್ಲಿ ಪ್ರಪಂಚದಲ್ಲಿ 15ರಿಂದ 49 ವಯಸ್ಸಿನವರಲ್ಲಿ ಸುಮಾರು 8 ಕೋಟಿ 20 ಲಕ್ಷ ಹೊಸ ಸೋಂಕುಗಳು ಆದವು ಎಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿದೆ. ಹಾಗಾಗಿ ಇದು ಎಲ್ಲೋ ಯಾರಿಗೋ ಬರುವ ಅಪರೂಪದ ರೋಗವಲ್ಲ.

ಜಾಗ ಯಾಕೆ ಮುಖ್ಯ?

ಈ ರೋಗಾಣುವಿಗೆ ಒದ್ದೆಯಾದ, ಮೆತ್ತನೆಯ ಒಳಪೊರೆ ಬೇಕು. ಅಂಥ ಪೊರೆ ನಮ್ಮ ದೇಹದ ಹಲವು ಕಡೆ ಇದೆ. ಅದಕ್ಕೇ ವೈದ್ಯರು ಈ ರೋಗವನ್ನು ಜಾಗದ ಪ್ರಕಾರ ವಿಂಗಡಿಸುತ್ತಾರೆ. ಸಂಘದ ಲೆಡ್ಜರಿನಲ್ಲಿ ಒಬ್ಬ ಸದಸ್ಯೆಗೆ ಒಂದೇ ಪುಟ, ಆದರೆ ಉಳಿತಾಯಕ್ಕೆ, ಸಾಲಕ್ಕೆ, ಬಡ್ಡಿಗೆ ಬೇರೆ ಬೇರೆ ಕಲಂ ಇರುತ್ತದಲ್ಲ, ಹಾಗೆ. ಆಸ್ಪತ್ರೆಗಳಲ್ಲಿ ಬಳಸುವ ಐಸಿಡಿ-10 ಎಂಬ ರೋಗಪಟ್ಟಿಯಲ್ಲಿ ಗೊನೋರಿಯಾಕ್ಕೆ 'ಎ54' ಎಂಬ ಒಂದೇ ಸಂಖ್ಯೆ. ಅದರೊಳಗೆ ಮೂತ್ರ ಮತ್ತು ಜನನಾಂಗದ ಕೆಳಭಾಗ, ಕಿಬ್ಬೊಟ್ಟೆಯ ಒಳಭಾಗ, ಕಣ್ಣು, ಕೀಲು, ಗಂಟಲು, ಗುದದ್ವಾರ ಎಂದು ಬೇರೆ ಬೇರೆ ಉಪಸಂಖ್ಯೆಗಳಿವೆ. ಯಾವ ಜಾಗ ಎಂಬುದರ ಮೇಲೆ ಲಕ್ಷಣ, ಪರೀಕ್ಷೆ, ಅಪಾಯ ಎಲ್ಲವೂ ಬದಲಾಗುತ್ತವೆ. ಒಂದೊಂದಾಗಿ ನೋಡೋಣ.

1. ಮೂತ್ರನಾಳ ಮತ್ತು ಗರ್ಭಕೋಶದ ಬಾಯಿ

ಗಂಡಸರಲ್ಲಿ ರೋಗ ಮೊದಲು ಕೂರುವುದು ಮೂತ್ರನಾಳದಲ್ಲಿ. ಸಾಮಾನ್ಯವಾಗಿ 2ರಿಂದ 7 ದಿನಗಳಲ್ಲಿ ಉರಿಮೂತ್ರ ಮತ್ತು ಹಳದಿ ಕೀವು ಕಾಣಿಸುತ್ತದೆ. ಹೆಚ್ಚಿನವರಿಗೆ ಗೊತ್ತಾಗಿಯೇ ಆಗುತ್ತದೆ.

ಹೆಂಗಸರಲ್ಲಿ ಅದು ಮುಖ್ಯವಾಗಿ ಗರ್ಭಕೋಶದ ಬಾಯಿಯಲ್ಲಿ ಕೂರುತ್ತದೆ. ಇಲ್ಲಿಯೇ ಕಷ್ಟ ಇರುವುದು. ಸೋಂಕು ತಗುಲಿದ ಹೆಂಗಸರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿಗೆ ಏನೂ ಗೊತ್ತಾಗುವುದಿಲ್ಲ. ಗೊತ್ತಾದರೆ ಹಳದಿ ಬಣ್ಣದ ಸ್ರಾವ, ಉರಿಮೂತ್ರ, ಮುಟ್ಟಿನ ನಡುವೆ ಅಥವಾ ಸಂಪರ್ಕದ ನಂತರ ರಕ್ತ ಕಾಣುವುದು, ಇವು ಲಕ್ಷಣಗಳು. ಕೆಲವರಿಗೆ ಯೋನಿಯ ಬಾಯಿಯ ಪಕ್ಕದ ಗ್ರಂಥಿ ಊದಿಕೊಂಡು ಕೀವು ತುಂಬುತ್ತದೆ. ಹಾಗಂತ ಬಿಳಿಸೆರಗು ಹೋಗುವವರಿಗೆಲ್ಲ ಗೊನೋರಿಯಾ ಇದೆ ಅಂತ ಹೆದರಬೇಡಿ. ಬಿಳಿಸೆರಗಿಗೆ ಬೇರೆ ಕಾರಣಗಳೂ ಇವೆ. ಪರೀಕ್ಷೆ ಮಾಡಿಸಿಯೇ ತಿಳಿಯಬೇಕು.

2. ಗರ್ಭಕೋಶ ಮತ್ತು ಅಂಡನಾಳ

ಚಿಕಿತ್ಸೆ ಸಿಗದಿದ್ದರೆ ರೋಗ ಮೇಲಕ್ಕೆ ಹತ್ತುತ್ತದೆ. ಗರ್ಭಕೋಶ ದಾಟಿ ಅಂಡನಾಳಕ್ಕೆ ಹೋಗುತ್ತದೆ. ಆಸ್ಪತ್ರೆಯಲ್ಲಿ 'ಟ್ಯೂಬ್' ಅನ್ನುವುದು ಇದನ್ನೇ, ಸಂತಾನಹರಣ ಆಪರೇಷನ್ನಿನಲ್ಲಿ ಕಟ್ಟುವುದೂ ಇದನ್ನೇ. ಆಗ ಕಿಬ್ಬೊಟ್ಟೆ ನೋವು, ಜ್ವರ, ಸಂಪರ್ಕದ ವೇಳೆ ನೋವು ಬರಬಹುದು. ನಾಳದೊಳಗೆ ಗಾಯ ಮಾಯುವಾಗ ದಾರಿ ಕಟ್ಟಿಕೊಳ್ಳಬಹುದು. ಪೂರ್ತಿ ಕಟ್ಟಿದರೆ ಗರ್ಭ ನಿಲ್ಲುವುದಿಲ್ಲ. ಅರ್ಧ ಕಟ್ಟಿದರೆ ಗರ್ಭ ನಾಳದಲ್ಲೇ ನಿಂತು, ನಾಳ ಒಡೆದು ಜೀವಕ್ಕೇ ಅಪಾಯವಾಗಬಹುದು.

ಈ ಜಾಗದ ವಿಷಯವನ್ನು ನಾವು ಒತ್ತಿ ಹೇಳಲು ಕಾರಣವಿದೆ. ಗಂಡ ಪೇಟೆಗೆ ಹೋಗಿ ಗುಟ್ಟಾಗಿ ಇಂಜೆಕ್ಷನ್ ಹಾಕಿಸಿಕೊಂಡು ಬರುತ್ತಾನೆ. ಹೆಂಡತಿಗೆ ಹೇಳುವುದಿಲ್ಲ. ಅವಳೊಳಗೆ ರೋಗ ಸದ್ದಿಲ್ಲದೆ ಬೆಳೆಯುತ್ತದೆ. ನಾಲ್ಕು ವರ್ಷದ ಮೇಲೆ "ಬಂಜೆ" ಅನ್ನಿಸಿಕೊಳ್ಳುವವಳು ಮಾತ್ರ ಅವಳೇ. ಗಂಡಸರಲ್ಲೂ ಬೀಜದ ಹಿಂಭಾಗದ ನಾಳಕ್ಕೆ ಸೋಂಕು ಹೋಗಿ ಮಕ್ಕಳಾಗದಿರುವುದು ಉಂಟು. ಮಕ್ಕಳಾಗದಿರಲು ಇನ್ನೂ ಅನೇಕ ಕಾರಣಗಳಿವೆ. ಆದ್ದರಿಂದ ಇಬ್ಬರಿಗೂ ಪರೀಕ್ಷೆ ಆಗದೆ ಯಾರನ್ನೂ ದೂರಬಾರದು.

3. ಗುದದ್ವಾರ

ಇಲ್ಲೂ ಹೆಚ್ಚಾಗಿ ಲಕ್ಷಣ ಇರುವುದಿಲ್ಲ. ಇದ್ದರೆ ತುರಿಕೆ, ನೋವು, ಲೋಳೆ ಅಥವಾ ರಕ್ತ. ಹೆಂಗಸರಲ್ಲಿ ಮುಂದಿನ ಸ್ರಾವ ಹಿಂದಕ್ಕೆ ಹರಿದೂ ಈ ಸೋಂಕು ಆಗಬಹುದು. ಮೂಲವ್ಯಾಧಿ ಅಂತ ನಾವೇ ತೀರ್ಮಾನ ಮಾಡುವುದು ಬೇಡ.

4. ಗಂಟಲು

ಬಾಯಿಯ ಮೂಲಕದ ಲೈಂಗಿಕ ಸಂಪರ್ಕದಿಂದ ಬರುತ್ತದೆ. ಬಹುಪಾಲು ಏನೂ ತಿಳಿಯುವುದಿಲ್ಲ, ಕೆಲವರಿಗೆ ಗಂಟಲು ನೋವು. ಗಂಟಲಿನಿಂದ ಈ ರೋಗಾಣುವನ್ನು ತೆಗೆಯುವುದು ಕಷ್ಟ. ಆದ್ದರಿಂದ ಔಷಧಿಯ ನಂತರ ಮತ್ತೊಮ್ಮೆ ಪರೀಕ್ಷೆಗೆ ಕರೆಯುತ್ತಾರೆ.

5. ಕಣ್ಣು

ತಾಯಿಗೆ ಸೋಂಕಿದ್ದರೆ ಹೆರಿಗೆಯಾಗಿ 2ರಿಂದ 5 ದಿನದೊಳಗೆ ಮಗುವಿನ ರೆಪ್ಪೆ ಊದಿ ಗಟ್ಟಿ ಕೀವು ಬರುತ್ತದೆ. ತಡಮಾಡಿದರೆ ದೃಷ್ಟಿಯೇ ಹೋಗಬಹುದು. ಯುರೋಪಿನಲ್ಲಿ ಹಿಂದೆ ಅನೇಕ ಮಕ್ಕಳು ಹೀಗೆ ಕುರುಡಾಗುತ್ತಿದ್ದರು. 1880ರ ಸುಮಾರಿಗೆ ಜರ್ಮನಿಯ ಲೈಪ್‌ಜಿಗ್‌ನಲ್ಲಿ ಕಾರ್ಲ್ ಕ್ರೆಡೆ ಎಂಬ ವೈದ್ಯರು ಹುಟ್ಟಿದ ಮಕ್ಕಳ ಕಣ್ಣಿಗೆ ಸಿಲ್ವರ್ ನೈಟ್ರೇಟ್ ಹನಿ ಹಾಕಲು ಶುರುಮಾಡಿದ ಮೇಲೆ ಇದು ಬಹಳ ಕಡಿಮೆಯಾಯಿತು. ನಮ್ಮಲ್ಲಿ ಕಣ್ಣಿಗೆ ಎದೆಹಾಲು ಬಿಡುವ ರೂಢಿ ಇದೆ. ದಯವಿಟ್ಟು ಹಾಗೆ ಮಾಡುತ್ತಾ ಕಾಯಬೇಡಿ. ಬಾಣಂತಿ ಮನೆಯಿಂದ ಹೊರಬರಬಾರದು ಅಂತಲೂ ಅನ್ನಬೇಡಿ. ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿ. ದೊಡ್ಡವರಿಗೂ ಸೋಂಕಿನ ಕೈ ಕಣ್ಣಿಗೆ ತಾಗಿದರೆ ಬರಬಹುದು.

6. ರಕ್ತಕ್ಕೆ ಸೇರಿದರೆ

ಕೆಲವರಲ್ಲಿ ಮಾತ್ರ ರೋಗ ರಕ್ತಕ್ಕೆ ಸೇರುತ್ತದೆ. ಜ್ವರ, ಮಣಿಕಟ್ಟು, ಮೊಣಕಾಲು, ಕಾಲಿನ ಗಂಟುಗಳಲ್ಲಿ ಊತ, ಚರ್ಮದ ಮೇಲೆ ಸಣ್ಣ ಕೀವುಗುಳ್ಳೆ. ಚಿಕುನ್‌ಗುನ್ಯ ಇರಬಹುದು ಅಂತ ಸುಮ್ಮನಿರಬಾರದು. ತೀರಾ ಅಪರೂಪಕ್ಕೆ ಹೃದಯಕ್ಕೆ, ಮೆದುಳಿನ ಪೊರೆಗೆ ಹೋಗುವುದೂ ಉಂಟು.

ಮಕ್ಕಳ ವಿಷಯ

ಎಳೆಗೂಸಿನ ವಯಸ್ಸು ದಾಟಿದ ಹುಡುಗಿಗೆ ಕೀವಿನಂಥ ಸ್ರಾವ ಕಂಡರೆ ಬೈಯಬೇಡಿ, ಮುಚ್ಚಿಡಬೇಡಿ. ಬೇರೆ ಕಾರಣ ಇರಬಹುದು. ಆದರೆ ಪರೀಕ್ಷೆಯಲ್ಲಿ ಗೊನೋರಿಯಾ ಎಂದು ಬಂದರೆ ಯಾರೋ ಆ ಮಗುವಿನ ಮೇಲೆ ದೌರ್ಜನ್ಯ ಮಾಡಿರಬಹುದು ಎಂದು ತಿಳಿದು ನಡೆಯಬೇಕು. ಮಕ್ಕಳ ಸಹಾಯವಾಣಿ 1098. ಇಂಥ ಮಕ್ಕಳ ರಕ್ಷಣೆಗಾಗಿಯೇ 2012ರ ಪೋಕ್ಸೋ ಕಾಯ್ದೆ ಇದೆ.

ನಾವು ಏನು ಮಾಡಬೇಕು?

- ಗಂಡನಿಗೆ ರೋಗ ಇದೆ ಎಂದು ಗೊತ್ತಾದರೆ, ನಿಮಗೆ ಏನೂ ತೊಂದರೆ ಇಲ್ಲದಿದ್ದರೂ ಪರೀಕ್ಷೆ ಮಾಡಿಸಿಕೊಳ್ಳಿ. ಇಬ್ಬರೂ ಒಟ್ಟಿಗೆ ಔಷಧಿ ತೆಗೆದುಕೊಳ್ಳಿ. ಒಬ್ಬರೇ ತೆಗೆದುಕೊಂಡರೆ ರೋಗ ತಿರುಗಿ ಬರುತ್ತದೆ.
- ಯಾವ ಜಾಗದಲ್ಲಿ ತೊಂದರೆ ಎಂದು ವೈದ್ಯರಿಗೆ ನಾಚಿಕೆಯಿಲ್ಲದೆ ಹೇಳಿ. ಆ ಜಾಗದಿಂದಲೇ ಮಾದರಿ ತೆಗೆಯಬೇಕು. ಗಂಟಲಿನ ಸೋಂಕು ಮೂತ್ರ ಪರೀಕ್ಷೆಯಲ್ಲಿ ಸಿಗುವುದಿಲ್ಲ.
- ಮೆಡಿಕಲ್ ಅಂಗಡಿಯಲ್ಲಿ ಕೇಳಿ ಮಾತ್ರೆ ನುಂಗಬೇಡಿ. ಹಿಂದೆ ಕೆಲಸ ಮಾಡುತ್ತಿದ್ದ ಪೆನಿಸಿಲಿನ್, ಸಿಪ್ರೊಫ್ಲಾಕ್ಸಾಸಿನ್‌ಗೆ ಈ ರೋಗಾಣು ಈಗ ಜಗ್ಗುವುದಿಲ್ಲ. ವೈದ್ಯರು ಕೊಟ್ಟ ಔಷಧಿಯನ್ನು ಪೂರ್ತಿ ಮುಗಿಸಿ.
- ಇಬ್ಬರ ಚಿಕಿತ್ಸೆಯೂ ಮುಗಿದು 7 ದಿನ ಆಗುವವರೆಗೆ ಸಂಪರ್ಕ ಬೇಡ. ನಿರೋಧ್ ಸರಿಯಾಗಿ ಬಳಸಿದರೆ ಸೋಂಕು ದಾಟುವ ಅಪಾಯ ಬಹಳ ಕಡಿಮೆಯಾಗುತ್ತದೆ ಎಂಬುದೂ ತಿಳಿದಿರಲಿ.
- ಎಚ್‌ಐವಿ ಮತ್ತು ಸಿಫಿಲಿಸ್ ಪರೀಕ್ಷೆಯನ್ನೂ ಮಾಡಿಸಿ. ಗರ್ಭಿಣಿಯರು ಸ್ರಾವ, ಉರಿ ಇದ್ದರೆ ಮೊದಲ ತಪಾಸಣೆಯಲ್ಲೇ ಹೇಳಿ.
- ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಉಚಿತ. ದಾರಿ ತಿಳಿಯದಿದ್ದರೆ ಆಶಾ ಕಾರ್ಯಕರ್ತೆಯನ್ನು ಕೇಳಿ, ಅಥವಾ ಉಚಿತ ಸಹಾಯವಾಣಿ 1097ಕ್ಕೆ ಫೋನ್ ಮಾಡಿ.

ಸಭೆಯಲ್ಲಿ ಚರ್ಚಿಸಲು

1. ನಮ್ಮ ಊರಲ್ಲಿ 'ಉಷ್ಣ' ಎಂದು ಹೇಳಿ ಯಾವ ಯಾವ ಕಾಯಿಲೆಗಳನ್ನು ಮುಚ್ಚಿಡುತ್ತೇವೆ?
2. ಲಕ್ಷಣವೇ ಇಲ್ಲದಿದ್ದರೂ ಹೆಂಡತಿಗೆ ಪರೀಕ್ಷೆ ಯಾಕೆ ಬೇಕು?
3. ಸದಸ್ಯೆಯೊಬ್ಬಳು ಆಸ್ಪತ್ರೆಗೆ ಹೋಗಲು ಹೆದರಿದರೆ ಜೊತೆಗೆ ಯಾರು ಹೋಗುತ್ತೀರಿ? ಬಸ್ಸಿನ ಖರ್ಚಿಗೆ ಸಂಘ ಏನು ಮಾಡಬಹುದು?

ಸಹೋದರಿಯರೇ, ಇದು ವಾಸಿಯಾಗುವ ರೋಗ. ಆದರೆ ಔಷಧಿ ರೋಗಾಣುವನ್ನು ಕೊಲ್ಲುತ್ತದೆಯೇ ಹೊರತು ಕಟ್ಟಿಹೋದ ನಾಳವನ್ನು ಬಿಡಿಸುವುದಿಲ್ಲ. ಆದ್ದರಿಂದ ಬೇಗ ಹೋಗುವುದರಲ್ಲೇ ಲಾಭ. ರೋಗ ಬಂದವಳ ಬೆನ್ನ ಹಿಂದೆ ಮಾತಾಡುವುದು ಬೇಡ, ಅವಳ ಜೊತೆಗೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲೋಣ.