ದರಿಯಾ ದೌಲತ್ತಿನ ಗೋಡೆಯ ಮುಂದೆ

ಶ್ರೀರಂಗಪಟ್ಟಣದ ಕೋಟೆಯ ಹೊರಗೆ, ತೋಟದ ನಡುವೆ ಇರುವ ದರಿಯಾ ದೌಲತ್ ಮಹಲನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ನೋಡಿರಬಹುದು. ಟಿಪ್ಪೂ ಸುಲ್ತಾನನು 1784ರಲ್ಲಿ ಕಟ್ಟಿಸಿದ ಈ ಬೇಸಗೆಯ ಅರಮನೆಯು ಬಹುಮಟ್ಟಿಗೆ ತೇಗದ ಮರದ ಕೆಲಸವು. ಬಿಸಿಲಿಗೆ ಬಣ್ಣವು ಮಾಸದಿರಲೆಂದು ಸುತ್ತಲೂ ಹಸುರು ತೆರೆಗಳನ್ನು ಇಳಿಬಿಟ್ಟಿರುವುದರಿಂದ, ಒಳಗೆ ಕಾಲಿಟ್ಟವರಿಗೆ ಮೊದಲು ಏನೂ ಕಾಣದು. ಕಣ್ಣು ನೆರಳಿಗೆ ಒಗ್ಗುವವರೆಗೆ ತಾಳಬೇಕು. ನಮ್ಮ ಹುಡುಗಿಯರಿಗೆ ಆ ತಾಳ್ಮೆ ಇರಲಿಲ್ಲವೆಂಬುದನ್ನು ಒಪ್ಪಿಕೊಳ್ಳುತ್ತೇವೆ.

ಒಳಗಣ ಕಂಬಗಳಲ್ಲಿಯೂ ಛಾವಣಿಯಲ್ಲಿಯೂ ಹೂಬಳ್ಳಿಗಳ ಚಿತ್ತಾರವಿದೆ. ಪೂರ್ವದ ಗೋಡೆಯಲ್ಲಿ ರಾಜರ, ಪಾಳೆಯಗಾರರ ಒಡ್ಡೋಲಗಗಳು. ಇವನ್ನು ಬೇಗ ನೋಡಿ ಮುಗಿಸಿ ಪಶ್ಚಿಮದ ಗೋಡೆಗೆ ಬಂದೆವು. ಇಲ್ಲಿ ಹೈದರನೂ ಟಿಪ್ಪುವೂ ಮೆರವಣಿಗೆಯಲ್ಲಿ ಬರುತ್ತಾರೆ. 1780ನೆಯ ಸೆಪ್ಟೆಂಬರ್ 10ರಂದು ಕಾಂಚೀಪುರದ ಬಳಿ ಪೊಳ್ಳಿಲೂರಿನಲ್ಲಿ ನಡೆದ ಯುದ್ಧವೂ ಇಲ್ಲಿಯೇ ಇದೆ. ಚೌಕವಾಗಿ ನಿಂತ ಇಂಗ್ಲಿಷ್ ಸಿಪಾಯಿಗಳ ನಡುವೆ ಪಲ್ಲಕ್ಕಿಯಲ್ಲಿ ಕರ್ನಲ್ ಬೈಲಿ. ಹತ್ತಿರವೇ ಮದ್ದಿನ ಬಂಡಿಯು ಸಿಡಿಯುತ್ತಿದೆ. ಫ್ರೆಂಚ್ ಸರದಾರ ಲಾಲಿಯು ದುರ್ಬೀನು ಹಿಡಿದಿದ್ದಾನೆ.

“ಅಮ್ಮಾ, ಪುಸ್ತಕದಲ್ಲಿ ಸೋತವನು ಟಿಪ್ಪುವಲ್ಲವೇ? ಇಲ್ಲಿ ಇಂಗ್ಲಿಷರೇ ಸೋತಿದ್ದಾರಲ್ಲ!” ಎಂದು ಒಬ್ಬಳು ಕೇಳಿದಳು. ಪಾಠವು ಆರಂಭವಾದುದೇ ಆಗ. ಅಂದು ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ಕ್ಯಾಪ್ಟನ್ ಒಬ್ಬನಿದ್ದನು. ಇದೇ ಪಟ್ಟಣದಲ್ಲಿ ವರ್ಷಗಟ್ಟಲೆ ಬಂದಿಯಾಗಿದ್ದು ಬಿಡುಗಡೆ ಹೊಂದಿದ ಅವನೇ, 1799ರ ಮೇ 4ರಂದು ಕೋಟೆಯ ಮೇಲೆ ಏರಿಹೋದ ಸೈನ್ಯಕ್ಕೆ ಮುಂದಾಳಾದನು. ಪುಸ್ತಕದ ಮಾತೂ ಗೋಡೆಯ ಮಾತೂ ಎರಡೂ ನಡೆದವೇ. ನಡುವೆ ಹತ್ತೊಂಬತ್ತು ವರ್ಷ.

ಕೋಟೆ ಬಿದ್ದ ಮೇಲೆ ಕರ್ನಲ್ ವೆಲ್ಲೆಸ್ಲಿಯು ಈ ಮಹಲಿನಲ್ಲಿಯೇ ವಾಸವಾಗಿದ್ದನು. ತನ್ನವರ ಸೋಲಿನ ಚಿತ್ರವನ್ನು ಅವನು ಅಳಿಸಲಿಲ್ಲ, ಸರಿಪಡಿಸಿದನು. ಮುಂದೆ ಅದು ಮತ್ತೆ ಕೆಟ್ಟಾಗ, ಮೈಸೂರು ಸೀಮೆಗೆ ಬಂದ ಲಾರ್ಡ್ ಡಾಲ್‌ಹೌಸಿಯು, ಹಳೆಯ ಚಿತ್ರವು ನೆನಪಿನಲ್ಲಿದ್ದ ದೇಶೀಯ ಚಿತ್ರಗಾರನೊಬ್ಬನಿಂದ ಅದನ್ನು ತಿರುಗಿ ಬರೆಯಿಸಿದನು. ಹಾಗಾದರೆ ನಾವು ಕಾಣುವುದು ಟಿಪ್ಪುವಿನ ಚಿತ್ರಗಾರನ ಕೈಯನ್ನೇ ಅಲ್ಲ, ಒಬ್ಬ ಮುದುಕನ ನೆನಪನ್ನೂ ಹೌದು. ಇದನ್ನು ಕೇಳಿ ಕೆಲವರಿಗೆ ನಿರಾಶೆಯಾಯಿತು. ನಮಗೆ ಮಾತ್ರ ಆ ಕಾರಣದಿಂದಲೇ ಗೋಡೆಯ ಮೇಲೆ ಪ್ರೀತಿ ಹೆಚ್ಚಿತು.

ಹಿಂದಿರುಗುವಾಗ ಗುಂಬಜಿಗೆ ಹೋದೆವು. ಬೈಲಿಯು ಸೆರೆಯಲ್ಲಿಯೇ 1782ರಲ್ಲಿ ತೀರಿಕೊಂಡನು. ಹೈದರನೂ ಟಿಪ್ಪುವೂ ಮಲಗಿರುವ ಆ ಸ್ಥಳದ ಸಮೀಪದಲ್ಲಿಯೇ ಅವನ ಸ್ಮಾರಕವಿದೆ. ಪಲ್ಲಕ್ಕಿಯಲ್ಲಿ ಕಂಡವನು ಇವನೇ ಎಂದಾಗ, ದಿನವೆಲ್ಲ ಗದ್ದಲ ಮಾಡಿದ್ದ ಹುಡುಗಿಯರು ಸ್ವಲ್ಪ ಹೊತ್ತು ಸುಮ್ಮನೆ ನಿಂತರು. ಆಮೇಲೆ ಬಸ್ಸಿಗೆ ಹೊತ್ತಾಯಿತೆಂದು ಓಡಿದೆವು.