ಚೀಲದಲ್ಲೇ ಉಳಿದ ಮಾವಿನ ಕಸಿ ಗಿಡ: ಮಣ್ಣು ಬದಲಾಯಿಸುವ ಕಾಲ ಮತ್ತು ಕ್ರಮ

ಗುಂಡಿ ತೆಗೆಸಿ, ಕಸಿ ಗಿಡಗಳನ್ನು ತಂದಿಟ್ಟುಕೊಂಡ ಮೇಲೆ ಮುಂಗಾರು ಕೈಕೊಡುವುದು ನಮ್ಮ ಬಯಲು ಸೀಮೆಯ ರೈತರಿಗೆ ಹೊಸದೇನಲ್ಲ. ಅಂಥ ವರ್ಷ ಗಿಡಗಳು ಪಾಲಿಥೀನ್ ಚೀಲದಲ್ಲೇ ಪಂಪ್‌ಹೌಸಿನ ನೆರಳಿನಲ್ಲೋ ಹಿತ್ತಲಿನಲ್ಲೋ ಉಳಿಯುತ್ತವೆ. ದಿನವೂ ನೀರು ಬೀಳುವುದರಿಂದ ಎಲೆ ಹಸಿರಾಗಿಯೇ ಇರುತ್ತದೆ. ಮುಂದಿನ ವರ್ಷ ಮಳೆ ಬಂದಾಗ ಅವನ್ನೇ ಒಯ್ದು ನೆಡುತ್ತೇವೆ.

ಮೇಲೆ ಹಸಿರಾಗಿದ್ದ ಮಾತ್ರಕ್ಕೆ ಗಿಡ ಚೆನ್ನಾಗಿದೆ ಎನ್ನಲಾಗದು. ಸಣ್ಣ ಚೀಲದಲ್ಲಿ ತಾಯಿಬೇರು ಕೆಲವೇ ತಿಂಗಳಲ್ಲಿ ತಳ ಮುಟ್ಟಿ, ದಾರಿ ಕಾಣದೆ ಸುತ್ತಲು ತೊಡಗುತ್ತದೆ. ಒಮ್ಮೆ ಬಲಿತು ಸುರುಳಿಯಾದ ಬೇರು ಹೊಲಕ್ಕೆ ಹೋದ ಮೇಲೆ ತಾನಾಗಿ ನೆಟ್ಟಗಾಗುವುದಿಲ್ಲ. ಗಿಡ ಕುಂಠಿತವಾಗುತ್ತದೆ, ಬೇಸಿಗೆಯಲ್ಲಿ ಬೇಗ ಬಾಡುತ್ತದೆ, ಗಾಳಿಗೆ ವಾಲುತ್ತದೆ. ಕಸಿ ಮಾವು ಫಲ ಕೊಡಲು ನಾಲ್ಕೈದು ವರ್ಷ ಬೇಕು. ಆ ಹೊತ್ತಿಗೆ ತಪ್ಪು ಗೊತ್ತಾದರೆ ಅಷ್ಟು ವರ್ಷದ ನೀರು, ಗೊಬ್ಬರ, ಆರೈಕೆ ಎಲ್ಲವೂ ವ್ಯರ್ಥ. ರಾಗಿ ಕೆಟ್ಟರೆ ಮುಂದಿನ ಮುಂಗಾರಿಗೆ ಸರಿಪಡಿಸಿಕೊಳ್ಳಬಹುದು. ಮಾವು ಕೆಟ್ಟರೆ ಹಾಗಲ್ಲ.

ಹತ್ತು ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ಬೇಕಾಗುವುದು ಸುಮಾರು 40 ಗಿಡ. ಇಷ್ಟು ಗಿಡಗಳನ್ನು ದೊಡ್ಡ ಚೀಲಕ್ಕೆ ಬದಲಾಯಿಸುವುದು ಮನೆಯವರೇ ಸೇರಿ ಒಂದು ದಿನದಲ್ಲಿ ಮುಗಿಸಬಹುದಾದ ಕೆಲಸ.

ಬದಲಾಯಿಸಬೇಕೆಂದು ತಿಳಿಯುವುದು ಹೇಗೆ?

ಕೆಳಗಿನ ಲಕ್ಷಣಗಳಲ್ಲಿ ಎರಡು ಮೂರು ಒಟ್ಟಿಗೆ ಕಂಡರೆ ಗಿಡಕ್ಕೆ ಚೀಲ ಸಾಲದಾಗಿದೆ ಎಂದು ತಿಳಿಯಿರಿ.

1. ಚೀಲದ ತೂತುಗಳಿಂದ ಬೇರು ಹೊರಬಂದಿರುತ್ತದೆ, ಅಥವಾ ಚೀಲವನ್ನು ಎತ್ತಿದಾಗ ನೆಲಕ್ಕೆ ಅಂಟಿಕೊಂಡಂತಿರುತ್ತದೆ.

2. ಹಾಕಿದ ನೀರು ಬದಿಯಿಂದ ಇಳಿದು ಕೂಡಲೇ ತಳದಲ್ಲಿ ಹೊರಬರುತ್ತದೆ, ಅಥವಾ ಮೇಲೆಯೇ ಬಹಳ ಹೊತ್ತು ನಿಲ್ಲುತ್ತದೆ.

3. ಬೆಳಿಗ್ಗೆ ನೀರು ಕೊಟ್ಟರೂ ಮಧ್ಯಾಹ್ನಕ್ಕೆ ಎಲೆ ಜೋಲುತ್ತದೆ.

4. ಹೊಸ ಚಿಗುರಿನ ಎಲೆಗಳು ಹಿಂದಿನವಕ್ಕಿಂತ ಸಣ್ಣವಾಗಿ, ಒತ್ತೊತ್ತಾಗಿ ಬರುತ್ತವೆ.

5. ಚೀಲವನ್ನು ಒತ್ತಿದರೆ ಮಣ್ಣು ಕಲ್ಲಿನಂತೆ ಗಟ್ಟಿಯಾಗಿರುತ್ತದೆ.

ಖಚಿತಪಡಿಸಿಕೊಳ್ಳಲು ಒಂದೆರಡು ಗಿಡಗಳ ಚೀಲವನ್ನು ಬದಿಯಲ್ಲಿ ಸೀಳಿ ನೋಡಿ. ಮಣ್ಣಿನ ಹೆಂಟೆಯ ಸುತ್ತ ಬೇರು ಜಾಲದಂತೆ ಹೆಣೆದುಕೊಂಡು, ತಳದಲ್ಲಿ ಸಿಂಬಿ ಸುತ್ತಿದಂತಿದ್ದರೆ ಬದಲಾಯಿಸಲೇಬೇಕು. ಬೇರು ಅಲ್ಲಲ್ಲಿ ಮಾತ್ರ ಕಂಡು, ಮಣ್ಣು ಸಡಿಲವಾಗಿ ಉದುರುವಂತಿದ್ದರೆ ಇನ್ನೂ ಕಾಲ ಬಂದಿಲ್ಲ. ಸೀಳಿದ ಚೀಲವನ್ನು ದಾರದಿಂದ ಕಟ್ಟಿ ಹಾಗೆಯೇ ಇಡಿ.

ಎಲೆ ಹಳದಿಯಾದುದೆಲ್ಲ ಚೀಲ ಸಾಲದ್ದರಿಂದಲೇ ಅಲ್ಲ. ಬೇರು ಕಂದುಬಣ್ಣಕ್ಕೆ ತಿರುಗಿ, ಬೆರಳಲ್ಲಿ ಹಿಸುಕಿದರೆ ಸಿಪ್ಪೆ ಕಳಚಿ, ಮಣ್ಣು ಹುಳಿ ವಾಸನೆ ಬಂದರೆ ಅದು ನೀರು ಹೆಚ್ಚಾಗಿ ಬೇರು ಕೊಳೆತ ಗುರುತು. ಅಂಥದಕ್ಕೆ ನೀರು ಕಡಿಮೆ ಮಾಡಿ, ಲೀಟರ್ ನೀರಿಗೆ 3 ಗ್ರಾಂ ತಾಮ್ರದ ಆಕ್ಸಿಕ್ಲೋರೈಡ್ ಬೆರೆಸಿ ಬುಡಕ್ಕೆ ಸುರಿಯಬೇಕು. ಮಣ್ಣಿನ ಮೇಲೆ ಬಿಳಿ ಪುಡಿ ಕಟ್ಟಿದ್ದರೆ ಕೊಳವೆಬಾವಿಯ ಗಡಸು ನೀರಿನ ಲವಣ ಶೇಖರವಾಗಿದೆ ಎಂದರ್ಥ. ಆ ಮೇಲ್ಮಣ್ಣನ್ನು ಕೆರೆದು ತೆಗೆಯಿರಿ.

ಯಾವ ಕಾಲದಲ್ಲಿ ಬದಲಾಯಿಸಬೇಕು?

ಮೋಡ ಮುಸುಕಿ, ಗಾಳಿಯಲ್ಲಿ ತೇವವಿರುವ ದಿನಗಳು ಉತ್ತಮ. ಜೂನ್‌ನಿಂದ ಅಕ್ಟೋಬರ್‌ವರೆಗೆ ಇಂಥ ದಿನಗಳನ್ನು ನೋಡಿಕೊಂಡು ಸಂಜೆಯ ಹೊತ್ತು ಮಾಡಬಹುದು. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ಬೇರು ಕದಲಿಸಬೇಡಿ.

ಕಾಲದಷ್ಟೇ ಮುಖ್ಯ ಚಿಗುರಿನ ಹಂತ. ಮಾವು ಅಲೆ ಅಲೆಯಾಗಿ ಚಿಗುರುತ್ತದೆ. ಎಲೆ ತಾಮ್ರ ಬಣ್ಣದಲ್ಲಿ ಎಳೆಯದಾಗಿರುವಾಗ ಬೇರಿಗೆ ಪೆಟ್ಟಾದರೆ ಚಿಗುರು ಒಣಗುತ್ತದೆ. ಎಲೆ ಬಲಿತು ಕಡುಹಸಿರಾದ ಮೇಲೆ, ಮುಂದಿನ ಮೊಗ್ಗು ಒಡೆಯುವ ಮೊದಲು ಈ ಕೆಲಸ ಮಾಡಬೇಕು.

ಇನ್ನೊಂದು ತಿಂಗಳಲ್ಲಿ ಹೊಲಕ್ಕೆ ನೆಡುವುದು ಖಚಿತವಿದ್ದರೆ ಚೀಲ ಬದಲಾಯಿಸುವ ಅಗತ್ಯವಿಲ್ಲ. ನೆಡುವ ದಿನವೇ ತಳದ ಸುರುಳಿಯನ್ನು ಕತ್ತರಿಸಿ ಗುಂಡಿಗೆ ಇಳಿಸಿದರೆ ಸಾಕು.

ಚೀಲ ಮತ್ತು ಮಣ್ಣಿನ ಮಿಶ್ರಣ

ಹೊಸ ಚೀಲ ಹಳೆಯದಕ್ಕಿಂತ ಒಂದು ಅಳತೆ ಮಾತ್ರ ದೊಡ್ಡದಿರಲಿ. 6x9 ಅಂಗುಲದ ಚೀಲದಲ್ಲಿರುವ ಗಿಡಕ್ಕೆ 8x12 ಅಂಗುಲದ್ದು ಸರಿಯಾಗುತ್ತದೆ. ಹೇಗೂ ಬದಲಾಯಿಸುತ್ತೇವಲ್ಲ ಎಂದು ಬಹಳ ದೊಡ್ಡ ಚೀಲಕ್ಕೆ ಹಾಕಬೇಡಿ. ಬೇರು ತಲುಪದ ಮಣ್ಣು ಸದಾ ತೇವವಾಗಿ ಉಳಿದು ಕೊಳೆ ರೋಗಕ್ಕೆ ಎಡೆಯಾಗುತ್ತದೆ. ಚೀಲದ ಕೆಳಭಾಗದಲ್ಲಿ ಎಂಟು ಹತ್ತು ತೂತುಗಳಿರಬೇಕು.

ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಸೇರಿಸಿ ಜರಡಿ ಹಿಡಿಯಿರಿ. ಟ್ರೈಕೋಡರ್ಮ ಬೆರೆಸಿ ಮಾಗಿಸಿದ ಗೊಬ್ಬರವಾದರೆ ಇನ್ನೂ ಒಳ್ಳೆಯದು. ಹಸಿ ಸಗಣಿ ಅಥವಾ ಅರೆ ಕಳಿತ ಗೊಬ್ಬರ ಬೇಡ. ಅದರ ಕಾವಿಗೆ ಬೇರು ಸುಡುತ್ತದೆ, ಗೊಣ್ಣೆಹುಳುವೂ ಬರುತ್ತದೆ. ಮಿಶ್ರಣವನ್ನು ಮುಷ್ಟಿಯಲ್ಲಿ ಹಿಡಿದರೆ ಉಂಡೆಯಾಗಿ, ತಟ್ಟಿದರೆ ಉದುರುವಷ್ಟು ತೇವವಿರಲಿ.

ಬದಲಾಯಿಸುವ ಕ್ರಮ

1. ಹಿಂದಿನ ದಿನ ಗಿಡಗಳಿಗೆ ನೀರು ಕೊಡಿ. ಒಣಗಿದ ಹೆಂಟೆ ಒಡೆಯುತ್ತದೆ, ತೀರಾ ಕೆಸರಾದದ್ದೂ ಒಡೆಯುತ್ತದೆ.

2. ಕಾಂಡ ಹಿಡಿದು ಎಳೆಯಬೇಡಿ. ಕಸಿ ಗಂಟು ಮುರಿಯಬಹುದು. ಚೀಲವನ್ನು ಮಲಗಿಸಿ ಬ್ಲೇಡಿನಿಂದ ಉದ್ದಕ್ಕೆ ಸೀಳಿ, ಎರಡೂ ಕೈಗಳಿಂದ ಹೆಂಟೆಯನ್ನೇ ಹಿಡಿದೆತ್ತಿ.

3. ತಳದಲ್ಲಿ ಸುತ್ತಿದ ಬೇರನ್ನು ಹರಿತವಾದ ಕತ್ತರಿಯಿಂದ ಕತ್ತರಿಸಿ ತೆಗೆಯಿರಿ. ಬದಿಯಲ್ಲಿ ಸುತ್ತಿಕೊಂಡ ಸಣ್ಣ ಬೇರುಗಳಿಗೆ ಮೇಲಿನಿಂದ ಕೆಳಕ್ಕೆ ಮೂರು ನಾಲ್ಕು ಕಡೆ ತೆಳುವಾಗಿ ಗೀರು ಹಾಕಿ. ಒಟ್ಟು ಬೇರಿನಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ತೆಗೆಯಬಾರದು.

4. ಹೊಸ ಚೀಲದ ತಳಕ್ಕೆ ಮಿಶ್ರಣ ತುಂಬಿ, ಗಿಡವನ್ನು ಮೊದಲಿದ್ದ ಆಳದಲ್ಲೇ ಕೂರಿಸಿ. ಕಸಿ ಗಂಟು ಯಾವ ಕಾರಣಕ್ಕೂ ಮಣ್ಣಿನಲ್ಲಿ ಹೂತಿರಬಾರದು. ಹೂತರೆ ಅಲ್ಲಿ ಕೊಳೆ ತಗಲುತ್ತದೆ.

5. ಸುತ್ತಲೂ ಮಿಶ್ರಣ ಹಾಕಿ ಟೊಳ್ಳು ಉಳಿಯದಂತೆ ಬೆರಳಿನಿಂದ ಮೆಲ್ಲನೆ ಒತ್ತಿ. ನೀರು ನಿಲ್ಲಲು ಮೇಲೆ ಒಂದು ಅಂಗುಲ ಬಿಡಿ.

6. ಕಸಿ ಕಟ್ಟಿದ ಪ್ಲಾಸ್ಟಿಕ್ ಪಟ್ಟಿ ಇನ್ನೂ ಉಳಿದಿದ್ದು, ಗಂಟು ಚೆನ್ನಾಗಿ ಕೂಡಿದ್ದರೆ ಬಿಚ್ಚಿಬಿಡಿ. ಬಿಡದಿದ್ದರೆ ಕಾಂಡವನ್ನು ಕೊರೆಯುತ್ತದೆ. ಗಂಟಿನ ಕೆಳಗೆ ಒಡೆದ ಚಿಗುರನ್ನೂ ಚಿವುಟಿ; ಅದು ಬೇರುಸಸಿಯದು, ನೀವು ಹಣ ಕೊಟ್ಟು ತಂದ ತಳಿಯದಲ್ಲ.

7. ಕೂಡಲೇ ರೋಸ್ ಕ್ಯಾನ್‌ನಿಂದ ತಳದಲ್ಲಿ ಹೊರಬರುವವರೆಗೆ ನೀರು ಕೊಡಿ.

ಇಂಥ ಗಿಡವನ್ನು ಉಳಿಸಿಕೊಳ್ಳಬೇಡಿ

ತಾಯಿಬೇರು ಬೆರಳು ಗಾತ್ರವಾಗಿ, ಬುಡದ ಹತ್ತಿರವೇ ಕುಣಿಕೆಯಂತೆ ತಿರುಚಿಕೊಂಡಿದ್ದರೆ ಯಾವ ಉಪಚಾರವೂ ಫಲಿಸದು. ಕತ್ತರಿಸಿದರೆ ಗಿಡ ಸಾಯುತ್ತದೆ, ಬಿಟ್ಟರೆ ಮರ ನಿಲ್ಲುವುದಿಲ್ಲ. ಗಿಡ ಹಸಿರಾಗಿರುವಾಗ ಎಸೆಯಲು ಮನಸ್ಸು ಬಾರದು. ಆದರೂ ಇಂದು ಒಂದು ಗಿಡದ ಬೆಲೆ ಕಳೆದುಕೊಳ್ಳುವುದು, ಮುಂದೆ ಆ ಜಾಗದ ಐದು ವರ್ಷ ಕಳೆದುಕೊಳ್ಳುವುದಕ್ಕಿಂತ ಲೇಸು.

ನಂತರದ ಆರೈಕೆ

ಮೊದಲ ಹದಿನೈದು ದಿನ ಮರದ ಅಡಿಯಲ್ಲೋ ತೆಂಗಿನ ಗರಿಯ ಚಪ್ಪರದಲ್ಲೋ ಇಡಿ. ಬಳಿಕ ದಿನಕ್ಕೆ ಸ್ವಲ್ಪ ಸ್ವಲ್ಪವಾಗಿ ಬಿಸಿಲಿಗೆ ಒಗ್ಗಿಸಿ. ಮೇಲ್ಮಣ್ಣು ಒಣಗಿದಾಗ ಮಾತ್ರ ನೀರು ಕೊಡಿ. ಒಂದು ತಿಂಗಳವರೆಗೆ ಯೂರಿಯಾ ಮೊದಲಾದ ರಾಸಾಯನಿಕ ಗೊಬ್ಬರ ಬೇಡ. ಗಾಯಗೊಂಡ ಬೇರಿಗೆ ಅದು ತಡೆಯದು. ಚೀಲಗಳನ್ನು ಇಟ್ಟಿಗೆಯ ಮೇಲೆ ಅಥವಾ ಪ್ಲಾಸ್ಟಿಕ್ ಹಾಳೆಯ ಮೇಲೆ ಸಾಲಾಗಿಟ್ಟು, ತಿಂಗಳಿಗೊಮ್ಮೆ ಜಾಗ ಕದಲಿಸಿದರೆ ಬೇರು ನೆಲಕ್ಕಿಳಿಯದು. ಚಳಿಗಾಲದಲ್ಲಿ ಚೀಲದಲ್ಲೇ ಹೂ ಬಂದರೆ ಚಿವುಟಿ ಹಾಕಿ.

ಮನೆಯಂಗಳದ ಕುಂಡಗಳಿಗೂ ಇದೇ ನಿಯಮ

ಕುಂಡದಲ್ಲಿ ಬೆಳೆಸಿದ ಕರಿಬೇವು, ದಾಸವಾಳ, ನಿಂಬೆಗೂ ಬೇರಿನ ಪರೀಕ್ಷೆಯೇ ಆಧಾರ. ಹೊಸ ಮಣ್ಣಿನ ಕುಂಡವನ್ನು ಮೊದಲು ನೀರಿನಲ್ಲಿ ನೆನೆಸಿ, ತಳದ ತೂತಿನ ಮೇಲೆ ಹೆಂಚಿನ ಚೂರು ಬೋರಲಿಟ್ಟು ಮಿಶ್ರಣ ತುಂಬಬೇಕು. ಕುಂಡ ದೊಡ್ಡದು ಮಾಡಲು ಜಾಗವಿಲ್ಲದಿದ್ದರೆ ಹೊರಸುತ್ತಿನ ಬೇರನ್ನು ಒಂದು ಅಂಗುಲದಷ್ಟು ಸವರಿ, ರೆಂಬೆಯನ್ನೂ ಅದಕ್ಕೆ ತಕ್ಕಷ್ಟು ಕತ್ತರಿಸಿ, ಅದೇ ಕುಂಡಕ್ಕೆ ಹೊಸ ಮಣ್ಣು ಹಾಕಬಹುದು.

ನೆನಪಿಡಬೇಕಾದ ಅಂಶಗಳು

* ಎಲೆ ನೋಡಿ ತೀರ್ಮಾನಿಸಬೇಡಿ, ಬೇರು ನೋಡಿ.
* ಎಳೆ ಚಿಗುರಿರುವಾಗ ಬೇರು ಕದಲಿಸಬೇಡಿ.
* ಚೀಲ ಒಂದು ಅಳತೆ ಮಾತ್ರ ದೊಡ್ಡದಿರಲಿ.
* ಕಸಿ ಗಂಟು ಮಣ್ಣಿನಿಂದ ಮೇಲಿರಲಿ.
* ಬುಡದಲ್ಲಿ ತಿರುಚಿದ ಬೇರಿನ ಗಿಡ ಹೊಲಕ್ಕೆ ಹೋಗದಿರಲಿ.